ಕತ್ತೆ ಆಯದ ರೈಲು ಸ್ಟೇಷನ್

ನಾನು ಸ್ವಂತವಾಗಿ ಕಟ್ಟಿದ ಮೊದಲ ಕಟ್ಟಡದ ಬಾಗಿಲು ಏಳು ಇಂಚು ಎತ್ತರವಿತ್ತು. ನನ್ನನ್ನು ಗೇಲಿ ಮಾಡಲು ಮೂಡುಬಿದಿರೆಯ ಬಡಗಿಗಳಿಗೆ ಅಷ್ಟು ಸಾಕಾಯಿತು. "ಒಕ್ಕಲಾಗುವವರು ಯಾರು ಮಾರಾಯ, ಹೆಗ್ಗಣವಾ?" ಎಂದು ಕೇಳಿದರು. ಕೇಳಲಿ. ಆ ಕಟ್ಟಡದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅದರಲ್ಲಿ ನಾನು ಮಾಡಿದ ಒಂದು ಕಳ್ಳತನದ ಬಗ್ಗೆ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ಅದು ಅರವತ್ತರ ದಶಕದ ಆರಂಭ. ಅದಕ್ಕೆ ಮೊದಲು ಹನ್ನೆರಡು ವರ್ಷ ನಾನು ಸೋದರಮಾವನ ಕೈಕೆಳಗೆ ಮರಗೆಲಸ ಮಾಡಿದ್ದೆ. ಮಾವ ಮೂಡುಬಿದಿರೆಯಲ್ಲಿ ಹೆಸರಾದ ಮೇಸ್ತ್ರಿ. ಹೊಸ ಮನೆಯ ಪಂಚಾಂಗಕ್ಕೆ, ಎಂದರೆ ಅಡಿಪಾಯದ ಗೂಟ ಹೊಡೆಯಲು, ಅವರೇ ಬರಬೇಕೆಂದು ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅವರು ಹಾಕುವ ಆಯ ತಪ್ಪುವುದಿಲ್ಲ ಎಂಬ ನಂಬಿಕೆ. ಆಯದ ಲೆಕ್ಕ ಕಷ್ಟದ್ದೇನಲ್ಲ. ಕಟ್ಟಡದ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಶೇಷ ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಎರಡು ಉಳಿದರೆ ಹೊಗೆ, ನಾಲ್ಕಾದರೆ ನಾಯಿ, ಆರಾದರೆ ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಇವು ಇರುವವನಿಗೂ ಕೇಡು, ಕಟ್ಟಿದವನಿಗೂ ಕೇಡು ಎನ್ನುತ್ತಿದ್ದರು. ಹಿಂದೆ ಕೋಲಿನಲ್ಲಿ ಅಳೆಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಮಾವ ಕೂಡ ಕೋಲನ್ನು ಪೂಜೆಗೆ ಇಟ್ಟು ಅಡಿಯ ಲೆಕ್ಕಕ್ಕೆ ಬಂದಿದ್ದರು. ಆಯಕ್ಕಾಗಿ ಅರ್ಧ ಅಡಿ ಹೆಚ್ಚು ಕಡಿಮೆ ಮಾಡಬೇಕಾದರೆ ಮನೆಯವರಿಗೆ ಹೇಳುವ ಕ್ರಮ ಮಾತ್ರ ಅವರಲ್ಲಿ ಇರಲಿಲ್ಲ. ಗೂಟವನ್ನು ಸುಮ್ಮನೆ ಆರು ಇಂಚು ಈಚೆಗೆ ಹೊಡೆಯುತ್ತಿದ್ದರು.

ಬೆಳ್ತಂಗಡಿಯ ಒಂದು ಮನೆಯಲ್ಲಿ ಇದು ಸಿಕ್ಕಿಬಿತ್ತು. ಯಜಮಾನರ ಹಳೆಯ ಮಂಚ ಹೊಸ ಕೋಣೆಯಲ್ಲಿ ಹಿಡಿಯಲಿಲ್ಲ. ನಾಲ್ಕು ಬೆರಳಿನಷ್ಟು ಕಡಿಮೆ. "ಮಂಚದ ತಲೆಹಲಗೆ ಕತ್ತರಿಸಿ ಕೊಡ್ತೇವೆ" ಎಂದರು ಮಾವ. ನನಗೆ ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ. "ಮಂಚ ಸರಿ ಉಂಟು, ಕೋಣೆಯೇ ಗಿಡ್ಡ. ಆಯಕ್ಕೆ ಬೇಕಾಗಿ ಅರ್ಧ ಅಡಿ ತೆಗೆದದ್ದು" ಎಂದು ಯಜಮಾನರ ಮುಂದೆಯೇ ಹೇಳಿಬಿಟ್ಟೆ. ಮಾವ ಒಳಗೆ ಹೋದರು. ನನ್ನ ಉಳಿಗಳ ಚೀಲವನ್ನು ತಂದು ಜಗಲಿಯ ಮೇಲೆ ಇಟ್ಟರು. "ಹೋಗು. ನೀನು ಮೇಸ್ತ್ರಿ ಆಗುವುದನ್ನು ನಾನು ನೋಡ್ತೇನೆ" ಎಂದರು.

ನಾನು ಹೋದೆ. ಬಂಟ್ವಾಳದ ಒಂದು ಮರದ ಮಿಲ್ಲಿನಲ್ಲಿ ಕೂಲಿಗೆ ಹಲಗೆ ನಯ ಮಾಡುವ ಕೆಲಸ ಹಿಡಿದೆ. ಆದರೆ ಹಲಗೆ ಉಜ್ಜುವಾಗಲೆಲ್ಲ ಮಾವನ ಆ ಮಾತೇ ನೆನಪಾಗುತ್ತಿತ್ತು. ಯಾರಾದರೂ ಒಬ್ಬರು ನನ್ನನ್ನು ಮೇಸ್ತ್ರಿ ಎಂದು ಕರೆದು ಗೂಟ ಹೊಡೆಸಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಆಗದಿದ್ದರೆ ಚೀಲ ಹಿಡಿದು ಮಾವನ ಜಗಲಿಗೇ ವಾಪಸು ಹೋಗಬೇಕಿತ್ತು.

ಕರೆದವರು ಪಾಣೆಮಂಗಳೂರಿನ ಒಬ್ಬ ನಿವೃತ್ತ ಫೋರ್‌ಮ್ಯಾನ್. ದೂರದ ಊರೊಂದರ ರೈಲ್ವೆ ಕಾರ್ಯಾಗಾರದಲ್ಲಿ ಜನ್ಮ ಸವೆಸಿ ಊರಿಗೆ ಬಂದವರು. ನೇತ್ರಾವತಿ ಕಾಣುವ ದಿಬ್ಬದ ಮೇಲೆ ಅವರ ಮನೆ. ಹಿತ್ತಲಲ್ಲಿ ಚಿಕ್ಕು ಮರಗಳನ್ನು ಸುತ್ತಿ ಬರುವಂತೆ ಕಬ್ಬಿಣದ ಪುಟ್ಟ ಹಳಿ ಹಾಕಿದ್ದರು. ಹಳಿಗಳ ನಡುವಿನ ಅಂತರ ಮೂರೂಕಾಲು ಇಂಚು. ನೀರು ಕಾಯಿಸಿ ಆವಿಯಲ್ಲೇ ಓಡುವ ಇಂಜಿನನ್ನು ಸ್ವತಃ ಮಾಡಿದ್ದರು. ಸಾಗುವಾನಿಯ ಎರಡು ಡಬ್ಬಿ, ಎಂದರೆ ಬೋಗಿ, ಅದಕ್ಕೆ ಇದ್ದವು. ಆಗ ನಮ್ಮ ಕಡೆ ರೈಲು ನೋಡಬೇಕಾದರೆ ಮಂಗಳೂರಿಗೇ ಹೋಗಬೇಕಿತ್ತು. ಸರ್ವೆಯವರು ಕೋಲು ಹಿಡಿದು ಬಂದಿದ್ದಾರೆ, ಲೈನು ಇಲ್ಲಿಂದಲೇ ಹೋಗುತ್ತದೆ ಎಂಬ ಸುದ್ದಿ ಮಾತ್ರ ಪ್ರತಿ ಹೋಟೆಲಿನಲ್ಲಿಯೂ ಇರುತ್ತಿತ್ತು.

"ರೈಲು ಬರ್ತದೆ ಅಂತ ನಾನು ಶಾಲೆಗೆ ಹೋಗುವಾಗಿನಿಂದ ಕೇಳ್ತಾ ಇದ್ದೇನೆ ಆಚಾರ್ರೆ" ಎಂದರು ಅವರು. "ಬರುವವರೆಗೆ ಕೈಕಟ್ಟಿ ಕೂತುಕೊಳ್ಳುವ ಜನ ನಾನಲ್ಲ. ನನ್ನ ರೈಲು ಬಂದಾಗಿದೆ. ಈಗ ಒಂದು ಸ್ಟೇಷನ್ ಬೇಕು."

ಅವರೇ ನಕ್ಷೆ ಬರೆದಿದ್ದರು. ನಿಜವಾದ ಒಂದು ಅಡಿಗೆ ಇಲ್ಲಿ ಒಂದು ಇಂಚು. ಅರವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಸ್ಟೇಷನ್ನು ಐದು ಅಡಿ ಉದ್ದ, ಇಪ್ಪತ್ತೈದು ಇಂಚು ಅಗಲಕ್ಕೆ ಇಳಿದಿತ್ತು. ಈ ಅಗಲದಲ್ಲಿ ಪ್ಲಾಟ್‌ಫಾರ್ಮೂ ಸೇರಿತ್ತು. ಹಿಂಭಾಗಕ್ಕೆ ಹಿತ್ತಲ ಸುತ್ತಿನ ಕಲ್ಲಿನ ಗೋಡೆ, ಎಂದರೆ ಪಾಗಾರ, ಮುಂಭಾಗಕ್ಕೆ ಆಗಲೇ ಕಾಂಕ್ರೀಟಿನಲ್ಲಿ ಕೂರಿಸಿದ ಹಳಿ. ಡಬ್ಬಿಯ ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿನ ಅಂಚಿಗೂ ನಡುವೆ ನಕ್ಷೆಯಲ್ಲಿ ಬಿಟ್ಟ ಜಾಗ ಅರ್ಧ ಇಂಚು. ಕಟ್ಟಡ ಮಳೆಗೂ ಬಿಸಿಲಿಗೂ ಹೊರಗೇ ನಿಲ್ಲಬೇಕು, ಆದ್ದರಿಂದ ರಟ್ಟು, ತೆಳು ಹಲಗೆ, ಬಣ್ಣ ಬಳಿದ ಗೋಡೆ ಏನೂ ನಡೆಯುವುದಿಲ್ಲ ಎಂದರು. ಕೊನೆಯಲ್ಲಿ ಒಂದು ಮಾತು ಸೇರಿಸಿದರು. "ಇದಕ್ಕೆ ಮೇಸ್ತ್ರಿ ನೀವೇ. ನಾನು ಕೈ ಹಾಕುವುದಿಲ್ಲ." ಆ ಮಾತಿಗೆ ನಾನು ಏನು ಬೇಕಾದರೂ ಕಟ್ಟುತ್ತಿದ್ದೆ.

ಈಗ ಕಳ್ಳತನದ ವಿಷಯ. ಗೂಟ ಹೊಡೆಯಲು ಕುಳಿತವನ ತಲೆಯಲ್ಲಿ, ನಾನು ಕೇಳದೆಯೇ, ಲೆಕ್ಕ ಓಡಿತು. ಅರವತ್ತು, ಇಪ್ಪತ್ತೈದು; ಸುತ್ತಳತೆ ನೂರ ಎಪ್ಪತ್ತು. ಮೂರರಿಂದ ಗುಣಿಸಿದರೆ ಐನೂರ ಹತ್ತು. ಎಂಟರಿಂದ ಭಾಗಿಸಿದರೆ ಶೇಷ ಆರು. ಕತ್ತೆ. ನನ್ನ ಮೊದಲ ಕಟ್ಟಡಕ್ಕೆ ಕತ್ತೆಯ ಆಯ! ಒಂದೇ ಒಂದು ಇಂಚು ಕೂಡಿಸಿ ನೂರ ಎಪ್ಪತ್ತೊಂದು ಮಾಡಿದರೆ ಶೇಷ ಒಂದು, ಧ್ವಜ ಬರುತ್ತದೆ. ಅಗಲದಲ್ಲಿ ಅರ್ಧ ಇಂಚು ಹೆಚ್ಚಿಸಿದರೆ ಮುಗಿಯಿತು. ಉದ್ದದಲ್ಲಿ ಆರು ಕಂಬಗಳು ಸಮಾನ ದೂರದಲ್ಲಿ ನಿಲ್ಲಬೇಕಾದ್ದರಿಂದ ಅಲ್ಲಿ ಕದ್ದರೆ ಕಣ್ಣಿಗೆ ಕಾಣುತ್ತದೆ. ಕೋಣೆಯ ಒಳ ಅಗಲದಲ್ಲಿ ಯಾರು ನೋಡುತ್ತಾರೆ? ಗೂಟವನ್ನು ಅರ್ಧ ಇಂಚು ಹಳಿಯ ಕಡೆಗೆ ಹೊಡೆದೆ. ಫೋರ್‌ಮ್ಯಾನರಿಗೆ ಹೇಳಲಿಲ್ಲ. ಬೆಳ್ತಂಗಡಿಯಲ್ಲಿ ಮಾವನ ಮಾನ ತೆಗೆದ ಧೀರ, ಅವರು ಮಾಡಿದ್ದನ್ನೇ ಮಾಡಿ ಕೈ ಒರೆಸಿಕೊಂಡೆ.

ಮುಂದಿನ ಮೂರು ತಿಂಗಳು ಅದನ್ನು ಮರೆತೇಬಿಟ್ಟೆ. ಅಷ್ಟು ಕೆಲಸವಿತ್ತು. ಗೋಡೆಗೆ ಆಗಷ್ಟೇ ಕಡಿದ ಕೆಂಪುಕಲ್ಲನ್ನು ತರಿಸಿದೆ. ಹಸಿ ಕೆಂಪುಕಲ್ಲು ಮೆತ್ತಗಿರುತ್ತದೆ, ಹಳೆಯ ಗರಗಸಕ್ಕೂ ಬಗ್ಗುತ್ತದೆ. ಗಾಳಿಗೆ ನಿಂತಂತೆ ಗಟ್ಟಿಯಾಗುತ್ತದೆ. ಎರಡು ದಿನದೊಳಗೆ ಕೊಯ್ದು, ಸುಣ್ಣದ ಗಾರೆಯಲ್ಲಿ ಕೂರಿಸಬೇಕಿತ್ತು. ತಡವಾದ ಕಲ್ಲು ಗರಗಸದ ಹಲ್ಲನ್ನೇ ತಿಂದಿತು. ಕಿಟಕಿ, ಬಾಗಿಲಿಗೆ ಹಲಸಿನ ಮರದ ತಿರುಳು, ಗೆದ್ದಲು ಹತ್ತಬಾರದಲ್ಲ. ಬಾಗಿಲ ಬಿಜಾಗರಿಗಳನ್ನು ಹಿತ್ತಾಳೆ ತಗಡಿನಿಂದ ಮಡಚಿ ಮಾಡಿದೆ. ಟಿಕೆಟ್ ಕೊಡುವ ಕಿಂಡಿಯಲ್ಲಿ ನನ್ನ ಎರಡು ಬೆರಳು ಮಾತ್ರ ಹೋಗುತ್ತಿದ್ದವು.

ಅತಿ ಹೆಚ್ಚು ಕಾಡಿದ್ದು ಹಂಚು. ಒಂದೂಕಾಲು ಇಂಚು ಉದ್ದ, ಮುಕ್ಕಾಲು ಇಂಚು ಅಗಲದ ಮಂಗಳೂರು ಹಂಚು ಎಲ್ಲಿ ಸಿಗುತ್ತದೆ? ಒಂದು ಹಂಚಿನ ಕಾರ್ಖಾನೆಗೆ ಹೋಗಿ ನಿಮ್ಮ ಭಟ್ಟಿಯ ಒಂದು ಮೂಲೆಯಲ್ಲಿ ಸುಟ್ಟು ಕೊಡಿ ಎಂದು ಕೇಳಿದೆ. ಗೇಟಿನಲ್ಲಿದ್ದವನು ನಕ್ಕು, "ಗೊಂಬೆ ಆಟಕ್ಕೆ ಭಟ್ಟಿ ಇಲ್ಲ" ಎಂದ. ಸರಿ, ಬೇಡ. ಬೀಟಿ ಮರದಲ್ಲಿ ನಾನೇ ಅಚ್ಚು ಕೆತ್ತಿದೆ. ಗದ್ದೆಯ ಜೇಡಿಮಣ್ಣನ್ನು ಅರೆದು, ಸೋಸಿ, ಅಚ್ಚಿಗೆ ಎಣ್ಣೆ ಸವರಿ ಒತ್ತಿದೆ. ಮಾಣಿ ಎಂಬ ಊರಿನ ಹತ್ತಿರದ ಒಬ್ಬ ಕುಂಬಾರ ತನ್ನ ಮಡಕೆಗಳ ನಡುವೆ ಸುಟ್ಟುಕೊಡಲು ಒಪ್ಪಿದ. ಮೊದಲ ಆವಿಗೆ, ಎಂದರೆ ಕುಂಬಾರನ ಭಟ್ಟಿ, ತೆಗೆದಾಗ ಅರ್ಧದಷ್ಟು ಹಂಚು ಬಾಗಿ ಹಪ್ಪಳದ ಹಾಗಾಗಿತ್ತು. ಉಳಿದದ್ದು ನೆಟ್ಟಗಿದ್ದರೂ ಗಿಡ್ಡವಾಗಿತ್ತು. ಒಂದರ ಮೇಲೊಂದು ಕೂರುವಷ್ಟು ಉದ್ದವೇ ಇಲ್ಲ.

ಕುಂಬಾರ ನನ್ನ ಅಚ್ಚನ್ನು ತಿರುಗಿಸಿ ನೋಡಿದ. "ನೀವು ಮರದ ಜನ. ಮರ ಕೊಯ್ದಷ್ಟೇ ಇರ್ತದೆ. ಮಣ್ಣು ಬೆಂಕಿಯಲ್ಲಿ ಕುಗ್ಗುತ್ತದೆ, ಅದನ್ನು ಮೊದಲೇ ಲೆಕ್ಕ ಹಿಡಿಯಬೇಕು" ಎಂದ. ಅಚ್ಚನ್ನು ಹತ್ತರಲ್ಲಿ ಒಂದು ಪಾಲು ದೊಡ್ಡದು ಮಾಡಿದೆ. ಮಣ್ಣಿಗೆ ಒಡೆದ ಮಡಕೆಯ ಪುಡಿ ಬೆರೆಸಿದೆ. ಒತ್ತಿದ ಹಂಚನ್ನು ಎರಡು ಹಲಗೆಗಳ ನಡುವೆ ನೆರಳಲ್ಲಿ ಒಣಗಿಸಿದೆ. ಮೂರನೆಯ ಆವಿಗೆಯ ಹಂಚು ಬೆರಳಲ್ಲಿ ತಟ್ಟಿದರೆ ಠಣ್ ಎಂದಿತು. ಆ ಸದ್ದು ಕೇಳಿ ನಾನೂ ಕುಂಬಾರನೂ ನಕ್ಕದ್ದೇ ನಕ್ಕದ್ದು.

ಏಪ್ರಿಲಿನಲ್ಲಿ ಹಂಚು ಹೊದೆಸಿ ಮಾಡು ಮುಗಿಯಿತು. ಫೋರ್‌ಮ್ಯಾನರು ಅದೇ ಸಂಜೆ ಇಂಜಿನಿಗೆ ಬೆಂಕಿ ಹಾಕಿದರು. ಚಿಕ್ಕು ಮರಗಳನ್ನು ಸುತ್ತಿ ರೈಲು ಸ್ಟೇಷನ್ನಿನ ಕಡೆಗೆ ಬಂತು. ಇಂಜಿನ್ ಕಿರಿದು, ಅದು ದಾಟಿತು. ಮೊದಲ ಡಬ್ಬಿಯ ಮೆಟ್ಟಿಲು ಪ್ಲಾಟ್‌ಫಾರ್ಮಿನ ಅಂಚಿಗೆ ತಾಗಿ ಕಿರ್ರ್ ಎಂದಿತು. ಎರಡನೆಯ ಡಬ್ಬಿ ಸ್ವಲ್ಪ ಓಲಾಡುತ್ತಿತ್ತು. ಅದು ಅಂಚಿಗೆ ಬಡಿದು, ಹಾರಿ, ಕ್ರೋಟನ್ ಗಿಡಗಳ ಮೇಲೆ ಮಗುಚಿ ಬಿತ್ತು. ಒಂದು ಪಕ್ಕದ ಮೆಟ್ಟಿಲು ಕಿತ್ತು ಬಂದಿತ್ತು. ಆ ಡಬ್ಬಿಗೆ ಅವರು ಎಂಟು ತಿಂಗಳು ಕೆಲಸ ಮಾಡಿದ್ದರೆಂದು ನನಗೆ ಗೊತ್ತಿತ್ತು.

ಅವರು ಬೈಯಲಿಲ್ಲ. ಉಕ್ಕಿನ ಅಳತೆಪಟ್ಟಿ ತಂದು ಮೊಣಕಾಲೂರಿ ಒಂದೊಂದನ್ನೇ ಅಳೆದರು. ಪ್ಲಾಟ್‌ಫಾರ್ಮ್ ಸರಿ, ಗೋಡೆಯ ದಪ್ಪ ಸರಿ. ಕೋಣೆಯ ಒಳಗೆ ಪಟ್ಟಿ ಇಳಿಸಿ ನಿಂತರು.

"ಇಲ್ಲಿ ಅರ್ಧ ಇಂಚು ಹೆಚ್ಚು ಉಂಟು. ಎಲ್ಲಿಂದ ಬಂತು ಆಚಾರ್ರೆ?"

"ಮರ ಉಬ್ಬಿರಬೇಕು" ಎಂದೆ.

"ಏಪ್ರಿಲ್ ಬಿಸಿಲಲ್ಲಿ ಮರ ಉಬ್ಬುವುದಾ? ಗೋಡೆ ಇರುವುದು ಕಲ್ಲಿನದ್ದು. ಕಲ್ಲು ಕೂಡ ಉಬ್ಬಿತಾ?"

ಎಲ್ಲ ಹೇಳಿದೆ. ಕತ್ತೆ, ಧ್ವಜ, ನೂರ ಎಪ್ಪತ್ತೊಂದು, ಎಲ್ಲ. ಅವರು ಕಿತ್ತ ಮೆಟ್ಟಿಲನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆಮೇಲೆ, "ನಾನು ನಿಮ್ಮನ್ನು ಮೇಸ್ತ್ರಿ ಅಂದೆ. ನೀವು ನನ್ನನ್ನು ಏನು ಅಂದುಕೊಂಡಿರಿ?" ಎಂದರು. ಮಾವ ಹನ್ನೆರಡು ವರ್ಷದಲ್ಲಿ ಬೈದ ಬೈಗುಳವೆಲ್ಲ ಸೇರಿದರೂ ಆ ಒಂದು ಪ್ರಶ್ನೆಯಷ್ಟು ಉರಿಯಲಿಲ್ಲ.

ಬಿಚ್ಚಲೇಬೇಕಿತ್ತು. ಮಾಡು ಇಳಿಸಿ, ಮುಂದಿನ ಗೋಡೆಯನ್ನೂ ಪ್ಲಾಟ್‌ಫಾರ್ಮನ್ನೂ ಒಡೆದು, ಅರ್ಧ ಇಂಚು ಹಿಂದೆ ಕಟ್ಟಬೇಕು. ಹಂಚು ಹೊರುವ ಓರೆ ಮರಗಳನ್ನು, ಎಂದರೆ ಪಕಾಸುಗಳನ್ನೆಲ್ಲ, ಮತ್ತೆ ಕತ್ತರಿಸಬೇಕು. ಮರುದಿನ ಫೋರ್‌ಮ್ಯಾನರೇ ಒಂದು ದಾರಿ ತೋರಿಸಿದರು. "ನಿಮಗೆ ಅಷ್ಟು ಹೆದರಿಕೆ ಇದ್ದರೆ ಉದ್ದದಲ್ಲಿ ಅರ್ಧ ಇಂಚು ತೆಗೆದುಕೊಳ್ಳಿ. ಅಲ್ಲಿ ರೈಲಿಗೆ ತಾಗುವುದಿಲ್ಲ. ನಿಮ್ಮ ಧ್ವಜವೂ ಉಳೀತದೆ. ನಾನು ಬೇಡ ಅನ್ನುವುದಿಲ್ಲ."

ಒಳ್ಳೆಯ ದಾರಿ. ಯಾರಿಗೂ ನಷ್ಟವಿಲ್ಲ. ನಾನು ಬಿಚ್ಚಿದ ಹಂಚುಗಳನ್ನು ಸಾಲಾಗಿ ಜೋಡಿಸುತ್ತಾ ಇಡೀ ದಿನ ಅದನ್ನೇ ಯೋಚಿಸಿದೆ. ಕತ್ತೆ ಆಯದಲ್ಲಿ ಕಟ್ಟಿದ ಬಡಗಿ ಎಂದು ಒಮ್ಮೆ ಹೆಸರು ಬಂದರೆ ನಮ್ಮ ಕಡೆ ಯಾವ ಮನೆಯವರೂ ಪಂಚಾಂಗಕ್ಕೆ ಕರೆಯುವುದಿಲ್ಲ. ಗೂಟ ಹೊಡೆಯುವ ಆಸೆ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಕಡೆ, ಮಾವನನ್ನು ಬಿಟ್ಟು ಬಂದೆನೆಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದವನ ಕೈ ಇನ್ನೂ ಮಾವನ ಮಾತನ್ನೇ ಕೇಳುತ್ತಿತ್ತು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಸ್ಟೇಷನ್ನು ಅರವತ್ತು ಅಡಿ ಎಂದರೆ ಅರವತ್ತೇ. ಹೆದರಿಕೊಂಡು ಕೂಡಿಸಿದ ಅರ್ಧ ಇಂಚು ಉದ್ದದಲ್ಲಿದ್ದರೂ ಹೆದರಿಕೆಯದ್ದೇ.

ಸಂಜೆ ಫೋರ್‌ಮ್ಯಾನರಿಗೆ ಹೇಳಿದೆ. "ನಕ್ಷೆಯಲ್ಲಿ ಇದ್ದಷ್ಟೇ ಕಟ್ತೇನೆ. ಕತ್ತೆ ಇದ್ದರೆ ಇರಲಿ."

"ಯೋಚನೆ ಮಾಡಿದ್ದೀರಾ?"

"ಮಾಡಿ ಆಯಿತು."

ಆ ಸಲದ ಕೆಲಸದಂಥ ಕೆಲಸವನ್ನು ನಾನು ಮತ್ತೆಂದೂ ಮಾಡಿಲ್ಲ. ಗೋಡೆಯ ಕಲ್ಲುಗಳು ಆಗಲೇ ಗಟ್ಟಿಯಾಗಿದ್ದವು. ಮುರಿಯದಂತೆ ಗಾರೆ ಕೆರೆದು ಒಂದೊಂದನ್ನೇ ಬಿಡಿಸಿದೆ. ಪಕಾಸುಗಳ ತುದಿಯನ್ನು ಹೊಸ ಇಳಿಜಾರಿಗೆ ಸರಿಯಾಗಿ ಕತ್ತರಿಸಿದೆ. ಪ್ರತಿ ಅಳತೆಯನ್ನೂ ಎರಡು ಸಲ ಹಿಡಿದು, ಎರಡು ಸಲವೂ ಫೋರ್‌ಮ್ಯಾನರನ್ನು ಕರೆದು ತೋರಿಸಿದೆ. ಅವರಿಗೆ ಬೇಸರ ಬಂದು, "ಸಾಕು ಮಾರಾಯ, ನಂಬಿದೆ" ಎಂದರು.

ಮೇ ತಿಂಗಳಲ್ಲಿ ಮೊದಲ ಗುಡುಗು ಮಳೆ ಬಂದಾಗ ಇನ್ನೊಂದು ಪೆಟ್ಟು ಬಿತ್ತು. ಹಂಚಿನ ಸಂದಿಗಳಿಂದ ನೀರು ಧಾರಾಳವಾಗಿ ಒಳಗೆ ಇಳಿಯಿತು. ಹಂಚು ಚಿಕ್ಕದಾಗಿತ್ತು, ಗೋಡೆ ಚಿಕ್ಕದಾಗಿತ್ತು, ಮಳೆಯ ಹನಿ ಮಾತ್ರ ಚಿಕ್ಕದಾಗಿರಲಿಲ್ಲ. ದೊಡ್ಡ ಮನೆಯ ಹಂಚಿನ ಮೇಲೆ ಜಾರಿಹೋಗುವ ಹನಿ ಇಲ್ಲಿ ಹಂಚಿನ ಅರ್ಧದಷ್ಟಿತ್ತು. ಸಿಡಿದು ಮೇಲಿನ ಸಾಲಿನ ಅಡಿಗೆ ನುಗ್ಗುತ್ತಿತ್ತು. ಮತ್ತೆ ಹಂಚು ಇಳಿಸಿದೆ. ಸೀಮೆಎಣ್ಣೆಯ ಡಬ್ಬಗಳನ್ನು ಬಿಡಿಸಿ, ತಗಡನ್ನು ತಟ್ಟಿ ಸಪಾಟು ಮಾಡಿ, ಪಕಾಸಿನ ಮೇಲೆ ಹಾಸಿ, ಮೇಲೆ ಹಂಚು ಕೂರಿಸಿದೆ. ಹೊರಗಿನಿಂದ ತಗಡು ಕಾಣದಂತೆ ಸೂರಿನ ಒಳಗೇ ಮಡಚಿದೆ. ಎರಡು ಕೊಡ ನೀರು ಹೊಯ್ದು ಒಳಗೆ ಕೈ ಹಾಕಿ ನೋಡಿದೆ. ಒಣಗಿತ್ತು.

ಮಳೆ ಹಿಡಿಯುವ ಮೊದಲಿನ ಒಂದು ಭಾನುವಾರ ಫೋರ್‌ಮ್ಯಾನರು ಊರವರನ್ನು ಕರೆದರು. ಪಾಣೆಮಂಗಳೂರಿನಿಂದ, ಬಂಟ್ವಾಳದಿಂದ, ಕಲ್ಲಡ್ಕದಿಂದಲೂ ಜನ ಬಂದರು. ಬೆಳ್ತಂಗಡಿ ಕಡೆಯ ಒಬ್ಬ ಶಾಲೆ ಮಾಸ್ಟ್ರು ಕೊಡೆ ಮಡಚಿಕೊಂಡು ಪಾಗಾರದ ಬಳಿ ನಿಂತಿದ್ದರು. ಎಲ್ಲರ ಹಿಂದೆ ನನ್ನ ಮಾವ ಇದ್ದರು. ಸುದ್ದಿ ಹೋಗಿತ್ತು. ಮೂಡುಬಿದಿರೆಯಿಂದ ಬಸ್ಸು ಹಿಡಿದು ಬಂದಿದ್ದರು. ಶಾಲಿನ ತುದಿಯಿಂದ ಮುಖ ಒರೆಸಿಕೊಂಡು ಮುಂದೆ ಬಂದರು. ಕುಕ್ಕರಗಾಲಲ್ಲಿ ಕುಳಿತು ಬಾಗಿಲು ತೆಗೆದರು, ಹಾಕಿದರು. ಹಂಚಿನ ಸಾಲಿನ ಮೇಲೆ ಉಗುರು ಓಡಿಸಿದರು. ಅವರು ಕೆಲಸ ಮೆಚ್ಚಿದಾಗ ಮಾತ್ರ ಹಾಗೆ ಉಗುರು ಓಡಿಸುತ್ತಿದ್ದರು. ಆಮೇಲೆ ತಲೆಯೆತ್ತಿ ಕೇಳಿದರು.

"ಎಷ್ಟು?"

"ಅರವತ್ತು, ಇಪ್ಪತ್ತೈದು."

ಅವರಿಗೆ ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. "ಕತ್ತೆ" ಎಂದರು, ಎಲ್ಲರಿಗೂ ಕೇಳುವ ಹಾಗೆ.

"ಹೌದು. ಗೊತ್ತಿದ್ದೇ ಮಾಡಿದ್ದು."

"ಆಯ ತಪ್ಪಿದ್ದು ಕಟ್ಟಿದವನ ತಲೆ ಮೇಲೆ ಬೀಳ್ತದೆ."

"ಬಿದ್ದರೂ ಮೊಣಕಾಲಿನವರೆಗೆ ಬರಬಹುದು, ಮಾವ."

ಜನ ಗೊಳ್ಳೆಂದು ನಕ್ಕರು. ನನಗೆ ಆ ನಗು ಹಿತವಾಗಲಿಲ್ಲ. ಮಾವನ ಮುಖ ಸಣ್ಣದಾಗಿತ್ತು. ಉಳಿ ಹಿಡಿಯುವುದನ್ನು ನನಗೆ ಕಲಿಸಿದ ಕೈ ಅದು. ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಫೋರ್‌ಮ್ಯಾನರು ಸೀಟಿ ಊದಿದರು. ಇಂಜಿನ್ ಬಂತು, ಡಬ್ಬಿಗಳು ಬಂದವು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅರ್ಧ ಇಂಚು ಬಿಟ್ಟುಕೊಂಡು ಒಂದಿಷ್ಟೂ ತಾಗದೆ ದಾಟಿ ಹೋದವು. ಜನ ಚಪ್ಪಾಳೆ ತಟ್ಟಿದರು. ತಿರುಗಿ ನೋಡುವಾಗ ಮಾವ ಗೇಟು ದಾಟಿದ್ದರು.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಅಂದು ಚಪ್ಪಾಳೆ ತಟ್ಟಿದವರಲ್ಲಿ ಇಬ್ಬರು ಮಳೆ ಮುಗಿದ ಮೇಲೆ ಮನೆ ಕಟ್ಟಿಸಿದರು. ಇಬ್ಬರೂ ಮಾವನನ್ನೇ ಕರೆದರು. ನಾಲ್ಕು ತಿಂಗಳ ಮಳೆಯಲ್ಲಿ ನನ್ನ ಸ್ಟೇಷನ್ನಿಗೆ ಒಂದು ಹನಿ ಸೋರಲಿಲ್ಲ, ಒಂದು ಹಂಚು ಜಾರಲಿಲ್ಲ. ಆದರೂ ಮತ್ತೆ ಮಿಲ್ಲಿಗೇ ಹೋಗಿ ಹಲಗೆ ನಯ ಮಾಡುವುದು ನನಗೆ ತಪ್ಪಲಿಲ್ಲ. ಸಿಟ್ಟು ಬಂದಾಗ ಪಾಣೆಮಂಗಳೂರಿಗೆ ನಡೆದುಹೋಗಿ ಅದರ ಮಾಡನ್ನೊಮ್ಮೆ ನೋಡಿ ಬರುತ್ತಿದ್ದೆ. ಚೀಲ ಹಿಡಿದು ಮೂಡುಬಿದಿರೆಯ ಬಸ್ಸು ಹತ್ತಲಿಲ್ಲ.

ದೀಪಾವಳಿ ಕಳೆದು ಒಂದು ದಿನ ಕೊಡೆಯ ಮಾಸ್ಟ್ರು ಮಿಲ್ಲಿಗೆ ಬಂದರು. "ಬೆಳ್ತಂಗಡಿಯಲ್ಲಿ ಸ್ವಲ್ಪ ಜಾಗ ತೆಗೆದಿದ್ದೇನೆ. ಗೂಟ ಹೊಡೆಯಲಿಕ್ಕೆ ನೀವು ಬರಬೇಕು" ಎಂದರು.

"ನನ್ನ ಮಾವ ಹೇಳಿದ್ದು ನೀವು ಕೇಳಿದ್ದೀರಲ್ಲ?"

"ಕೇಳಿದ್ದೇನೆ. ನೀವು 'ಗೊತ್ತಿದ್ದೇ ಮಾಡಿದ್ದು' ಅಂದದ್ದೂ ಕೇಳಿದ್ದೇನೆ."

ಅವರ ಜಾಗ ಇಕ್ಕಟ್ಟು. ಮೂರು ಕಡೆ ಬೇರೆಯವರ ಬೇಲಿ. ಮೂವತ್ತೆರಡು ಅಡಿ ಉದ್ದ, ಇಪ್ಪತ್ತಾರು ಅಡಿ ಅಗಲ. ಅದಕ್ಕಿಂತ ಒಂದು ಬೆರಳು ಹೆಚ್ಚು ಹೋಗುವ ಹಾಗಿಲ್ಲ. ಲೆಕ್ಕ ಎಂದಿನಂತೆ ತನ್ನಷ್ಟಕ್ಕೆ ಓಡಿತು. ನೂರ ಹದಿನಾರು, ಶೇಷ ನಾಲ್ಕು, ನಾಯಿ. ಈ ಸಲ ಅದನ್ನು ಬಾಯಿಬಿಟ್ಟೇ ಹೇಳಿದೆ.

"ಮಾಸ್ಟ್ರೇ, ಈ ಅಳತೆಗೆ ನಾಯಿಯ ಆಯ ಬರ್ತದೆ. ಅಗಲದಲ್ಲಿ ಅರ್ಧ ಅಡಿ ಬಿಟ್ಟರೆ ಧ್ವಜ. ಆದರೆ ಆ ಆರು ಇಂಚು ಅಡುಗೆಕೋಣೆಯಿಂದ ಹೋಗ್ತದೆ, ಬೇರೆ ಕಡೆ ತೆಗೆಯಲಿಕ್ಕೆ ಜಾಗ ಇಲ್ಲ. ಯಾವುದು ಬೇಕು, ನೀವು ಹೇಳಿ. ಹೇಳಿದ ಹಾಗೆ ಹೊಡೀತೇನೆ."

ಮಾಸ್ಟ್ರು ಗಡ್ಡ ಕೆರೆದುಕೊಂಡರು. ಬೇಲಿಯನ್ನು ನೋಡಿದರು, ಆಕಾಶ ನೋಡಿದರು. ಅವರ ಹೆಂಡತಿ ಅಡುಗೆಕೋಣೆ ಬರುವ ಜಾಗದಲ್ಲಿ ಆಗಲೇ ಹೋಗಿ ನಿಂತಿದ್ದರು. ಕಲ್ಪನೆಯ ಒಲೆಯ ಮುಂದೆ ಬಗ್ಗಿ, ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿ ನೋಡಿದರು.

"ನಾಯಿ ಇದ್ದರೆ ಇರಲಿ, ಒಂದು ಮೂಲೆಯಲ್ಲಿ ಬಿದ್ದಿರ್ತದೆ" ಎಂದರು. "ನಾನು ತಿರುಗಬೇಡವಾ? ಪೂರ್ತಿ ಹೊಡೆಯಿರಿ ಮೇಸ್ತ್ರಿಗಳೇ."

ಇಪ್ಪತ್ತಾರು ಅಡಿಗೆ ಹೊಡೆದೆ.